ಕೆಂಚನನ್ನು ಓಟಕ್ಕೆ ಹಚ್ಚಿದ ಚಿಕ್ಕಮ್ಮ

ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಚಿಕ್ಕಮ್ಮ ಕೊರಳಿಗೆ ಅಳತೆಯ ಟೇಪು ಹಾಕಿಕೊಂಡೇ ಹೊರಗೆ ಬಂದು, ರಸ್ತೆಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಬಲಗೈಯನ್ನು ಡಾಂಬರಿನ ಮೇಲೆ ಅಗಲವಾಗಿ ಊರುತ್ತಿದ್ದಳು. ತುಟಿಯ ನಡುವೆ ಗುಂಡುಸೂಜಿಗಳು ಹಾಗೇ ಇರುತ್ತಿದ್ದವು. ಹೋಗುವವರು ಬೈಕು ನಿಲ್ಲಿಸಿ, "ಎಂತ ಬೀಳ್ಸಿದ್ರಿ ಅಕ್ಕ?" ಎಂದು ಕೇಳುತ್ತಿದ್ದರು. ಅವಳು ತಲೆಯಲ್ಲಾಡಿಸಿ ಮತ್ತೆ ಕೈ ಊರಿಯೇ ಕೂರುತ್ತಿದ್ದಳು. ಅಂಗೈ ಸುಡದಿದ್ದರೆ ಕೆಂಚನ ಪಾದಕ್ಕೂ ರಸ್ತೆ ಸರಿ. ಸುಟ್ಟರೆ ನಾನು ಬೂಟಿನ ಲೇಸು ಬಿಚ್ಚಿ ಇನ್ನೂ ಕಾಯಬೇಕು.

ಕೆಂಚ ಅವಳ ನಾಯಿ. ಅವನ ಜೊತೆ ಓಡಬೇಕಾದವಳು ನಾನು.

ಚಿಕ್ಕಮ್ಮನ ಮನೆ ಹೊಸನಗರ ದಾಟಿ ನಿಟ್ಟೂರಿಗೆ ಹೋಗುವ ರಸ್ತೆಯ ಪಕ್ಕದಲ್ಲೇ ಇತ್ತು. ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ನು, ಹಿಂದೆ ಅಡಿಗೆಮನೆ. ಚಿಕ್ಕಪ್ಪ ತೀರಿಕೊಂಡ ಮೇಲೆ ಅವಳು, ಕೆಂಚ ಇಬ್ಬರೇ. ನಮ್ಮೂರು ಮಂಡಗದ್ದೆಯ ಕಡೆ. ಹೊಸನಗರದ ಹಾಲಿನ ಡೈರಿಯಲ್ಲಿ ಬೆಳಗಿನ ಕೆಲಸ ಸಿಕ್ಕಿದ್ದರಿಂದ ನಾನು ಅವಳ ಮನೆಯಲ್ಲೇ ಉಳಿದಿದ್ದೆ. ಪೊಲೀಸ್ ಕಾನ್‌ಸ್ಟೇಬಲ್ ಕೆಲಸದ ಲಿಖಿತ ಪರೀಕ್ಷೆ ಹೇಗೋ ಪಾಸಾಗಿತ್ತು, ಓಟ ಬಾಕಿ ಇತ್ತು. ವಯಸ್ಸಿನ ಮಿತಿ ಆ ವರ್ಷಕ್ಕೇ ಮುಗಿಯುತ್ತಿತ್ತು. ಈ ಸಲ ತಪ್ಪಿದರೆ ಇನ್ನೆಂದೂ ಇಲ್ಲ.

ಒಂದು ಸಂಜೆ ಓಡುತ್ತಿದ್ದಾಗ ಬೈಕಿನಲ್ಲಿ ಇಬ್ಬರು ನಿಧಾನಕ್ಕೆ ಹಿಂದೆ ಬಿದ್ದರು. ಏನೂ ಮಾಡಲಿಲ್ಲ, ಏನೂ ಅನ್ನಲಿಲ್ಲ, ಬರೀ ಹಿಂದೆ ಬಂದರು. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅದಕ್ಕೇ ಒರಗಿ ನಿಂತೆ. ಚಿಕ್ಕಮ್ಮ ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು. ಅವಳಿಗೆ ಗಾಬರಿಯಾದರೆ ಮೊದಲು ಮಾಡುವ ಕೆಲಸ ಅದು.

"ನಾಳೆಯಿಂದ ಓಟ ಬೇಡ," ಅಂದಳು. ನಾನು ಬೂಟು ಬಿಚ್ಚಿ ಮೂಲೆಗೆ ಎಸೆದೆ. ಅವಳೇ ಅದನ್ನು ಎತ್ತಿ ಗೋಡೆಯ ಪಕ್ಕ ಸರಿಯಾಗಿ ಇಟ್ಟು, "ಬೇಡ ಅಂದ್ರೆ ಮತ್ತೆಂತ ಮಾಡ್ತೀಯೆ? ಕೆಂಚನ್ನ ಕರ್ಕಂಡು ಹೋಗು," ಅಂದಳು.

ಹಾಗಂದವಳಿಗೆ ಆ ಮೇಲೆ ನೂರೆಂಟು ಚಿಂತೆ. ಕೆಂಚನನ್ನು ಹಸುವಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಇವನು ಓಡಬಹುದಾ ಎಂದು ಕೇಳಿದಳು. ಓಡಬಹುದು ಅಂದರು. ನಂಬಿಕೆ ಬರದೆ ಮರುವಾರ ಮತ್ತೆ ಹೋದಳು. ಮೊದಮೊದಲು ಬರೀ ನಡಿಗೆ, ಆಮೇಲೆ ಒಂದು ಮೋರಿಯಿಂದ ಇನ್ನೊಂದು ಮೋರಿಯವರೆಗೆ ಓಟ, ನಡುವೆ ಮತ್ತೆ ನಡಿಗೆ. ಓಡುವ ಮುಂಚೆ ಅನ್ನ ಹಾಕಿದರೆ ಹೊಟ್ಟೆ ಮಗುಚಿಕೊಳ್ಳುತ್ತದೆ ಎಂದು ಅವನ ಊಟವನ್ನು ಕತ್ತಲಾದ ಮೇಲಕ್ಕೆ ತಳ್ಳಿದಳು. ಪಾಪ, ಕೆಂಚ ಖಾಲಿ ತಟ್ಟೆಯ ಮುಂದೆ ಕೂತು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದ. ಹಳೆ ಸ್ಕೂಲ್ ಬ್ಯಾಗಿನ ಪಟ್ಟಿ ಬಿಚ್ಚಿ ನನ್ನ ಸೊಂಟಕ್ಕೊಂದು ಬೆಲ್ಟು ಹೊಲಿದಳು. ಅದಕ್ಕೂ ನಾಯಿಯ ಹಗ್ಗಕ್ಕೂ ನಡುವೆ ಲಂಗದ ಎಲಾಸ್ಟಿಕ್ಕನ್ನು ನಾಲ್ಕು ಮಡಿಕೆ ಮಾಡಿ ಹಾಕಿದಳು. ಅವನು ಎಳೆದರೂ ನನಗೆ ಜಗ್ಗಬಾರದು ಎಂದು. ರಕ್ತ ಹೀರುವ ಉಣುಗು ಕಚ್ಚಿ ಬರುವ ಮಂಗನ ಕಾಯಿಲೆಯ ಕಾಲ ಬೇರೆ. ಹೊರಡುವ ಮುಂಚೆ ನನ್ನ ಕಾಲಿಗೆಲ್ಲ ಆಸ್ಪತ್ರೆಯಲ್ಲಿ ಕೊಟ್ಟ ಎಣ್ಣೆ, ಬಂದ ಮೇಲೆ ಕೆಂಚನ ಕಿವಿ, ಬೆರಳ ಸಂದಿಗಳಲ್ಲಿ ಉಣುಗು ಹತ್ತಿದೆಯೇ ಎಂದು ಹುಡುಕಾಟ. ಒಂದು ಉಣುಗು ಸಿಕ್ಕಿತೆಂದರೆ ಮುಗಿಯಿತು, ದಿನಾ ನನ್ನ ಹಣೆ ಮುಟ್ಟಿ ನೋಡುತ್ತಿದ್ದಳು.

ಇಷ್ಟೆಲ್ಲ ಚಿಂತೆ ಮಾಡಿದವಳಿಗೆ ಮಂಗಗಳ ನೆನಪು ಮಾತ್ರ ಬರಲಿಲ್ಲ. ಒಂದು ಸಂಜೆ ಮೋರಿಯ ಕಟ್ಟೆಯ ಮೇಲೆ ಒಂದು ಹಿಂಡು ಕೂತಿತ್ತು. ಕೆಂಚ ಕಂಡವನೇ ಹಾರಿದ. ನಾನು ಮುಗ್ಗರಿಸಿ ಬಿದ್ದೆ. ಬೆಲ್ಟು ಸೊಂಟದಲ್ಲೇ ಇತ್ತು, ಸ್ವಲ್ಪ ದೂರ ಎಳೆದುಕೊಂಡು ಹೋದ. ಹಿಂದೆ ಬರುತ್ತಿದ್ದ ಟಿಪ್ಪರ್ ಬ್ರೇಕ್ ಹಾಕಿದ ಸದ್ದು ಈಗಲೂ ಕಿವಿಯಲ್ಲಿದೆ.

ಮಂಡಿ, ಮೊಣಕೈಯ ಚರ್ಮ ಕಿತ್ತುಹೋಗಿತ್ತು. ಚಿಕ್ಕಮ್ಮ ಬಾಯಿಂದ ಸೂಜಿಗಳನ್ನು ತೆಗೆದಿಟ್ಟು ಗಾಯ ತೊಳೆಯಲು ಕೂತಳು. ನೋವಿನಲ್ಲಿ ನನಗೂ ಸಿಟ್ಟು ನೆತ್ತಿಗೇರಿತು. "ನೀನು ಹೆದರಿ ಹೆದರಿ ಸಾಯ್ತೀಯ, ನನ್ನೂ ಹೆದ್ರಸ್ತೀಯ. ಎಂತ ಉಪಯೋಗ ಆಯ್ತು ಇದ್ರಿಂದ?" ಎಂದು ಕಿರುಚಿದೆ.

ಅವಳು ಬಟ್ಟೆ ಹಿಂಡಿ ಮತ್ತೆ ಒದ್ದೆ ಮಾಡಿಕೊಂಡಳು. "ನಿನ್ ಚಿಕ್ಕಪ್ಪ ಬೈಕಲ್ಲಿ ಎಲ್ಲೆಲ್ಲಿ ಹೋದ್ರೂ ಹೆದರ್ತಿದ್ದೆ ಕಣೆ. ಹೊಳೆಬಾಗಿಲಲ್ಲಿ ಹೊಳೆ ದಾಟೋ ಲಾಂಚ್ ಹತ್ತಿದ್ರೂ ಹೆದರ್ತಿದ್ದೆ. ಒಂದಿನಾನೂ ಎಂತದೂ ಆಗ್ಲಿಲ್ಲ. ಆವತ್ತು ಸಾಗರಕ್ಕೆ ಹೊರಟಾಗ ನಂಗೆ ಮದುವೆ ಬ್ಲೌಸಿನ ಅರ್ಜೆಂಟು. ತಲೆ ಎತ್ತಿ ನೋಡ್ಲಿಲ್ಲ, ಹೆದರ್ಲೂ ಇಲ್ಲ. ಆವತ್ತೇ ಕಾಟಿ ಅಡ್ಡ ಬಂತು."

ಚಿಕ್ಕಪ್ಪನ ಬೈಕಿಗೆ ಕಾಡುಕೋಣ ಅಡ್ಡ ಬಂದದ್ದು ಮನೆಯವರಿಗೆಲ್ಲ ಗೊತ್ತಿತ್ತು, ಈ ಮಾತು ಗೊತ್ತಿರಲಿಲ್ಲ. ಅವಳ ಹೆದರಿಕೆ ಸುಮ್ಮನೆ ಬಂದ ಸ್ವಭಾವವಲ್ಲ, ಅವಳು ನಮಗಾಗಿ ತಪ್ಪದೆ ಮಾಡುತ್ತಿದ್ದ ಕೆಲಸ ಎಂದು ಆವತ್ತು ತಿಳಿಯಿತು.

ಮರುದಿನ ಹಂಚಿನ ಮೇಲೆ ಮಂಗಗಳು ಧಡಧಡ ಇಳಿದವು. ಚಿಕ್ಕಮ್ಮ ಅಭ್ಯಾಸದಂತೆ, "ಛೂ ಕೆಂಚಾ!" ಎಂದು ಕೂಗಲು ಬಾಯಿ ತೆರೆದವಳು ಹಾಗೇ ನಿಂತುಬಿಟ್ಟಳು. ನಮ್ಮ ಕಡೆ ನಾಯಿ ಸಾಕುವುದೇ ಮಂಗ ಓಡಿಸಲು. ಮರಿಯಿದ್ದಾಗಿನಿಂದ ದಿನಾ ಛೂ ಬಿಟ್ಟು, ಓಡಿಸಿ ಬಂದಾಗ ಬೆನ್ನು ತಟ್ಟಿ ಬೆಳೆಸಿದ ನಾಯಿ ರಸ್ತೆಯಲ್ಲಿ ಅದನ್ನು ಬಿಟ್ಟು ಇನ್ನೇನು ಮಾಡೀತು?

"ಇವನಿಗೆ ಕಲ್ಸಿದ್ದು ನಾನೇ ಅಲ್ಲನೆ?" ಅಂದಳು.

ಅವತ್ತಿನಿಂದ ಆ ಮನೆಯಲ್ಲಿ ಛೂ ಎನ್ನುವುದು ನಿಂತಿತು. ಅಕ್ಕಪಕ್ಕದ ಮನೆಗಳಿಗೂ ಹೋಗಿ, ಕೆಂಚನಿಗೆ ಛೂ ಬಿಡಬೇಡಿ ಎಂದು ಕೇಳಿಕೊಂಡು ಬಂದಳು. "ಹಾಗಾದ್ರೆ ಮಂಗಗಳಿಗೆ ಎಲೆ ಹಾಕಿ ಬಡಿಸು," ಎಂದು ನಕ್ಕರು. ಮಂಗಗಳೂ ಬಡಿಸುವುದಕ್ಕೆ ಕಾಯಲಿಲ್ಲ. ಪಪ್ಪಾಯಿ ಹೋಯಿತು, ಹಂಚು ಒಡೆಯಿತು, ತಂತಿಯ ಮೇಲಿದ್ದ ಗಿರಾಕಿಯ ಬ್ಲೌಸಿನ ತೋಳೊಂದು ಹಲಸಿನ ಮರ ಹತ್ತಿತು. ಚಿಕ್ಕಮ್ಮ ಮೆಟ್ಟಿಲ ಮೇಲೆ ಕೂತು ಒಂದು ಕೈಯಲ್ಲಿ ಕೆಂಚನ ಕೊರಳ ಪಟ್ಟಿ, ಇನ್ನೊಂದರಲ್ಲಿ ಒಣಮೀನಿನ ಚೂರು ಹಿಡಿದುಕೊಂಡಿರುತ್ತಿದ್ದಳು. ನಾಯಿ ಮೈಯೆಲ್ಲ ನಡುಗಿಸುತ್ತ ಮಂಗಗಳನ್ನೇ ನೋಡುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಒಮ್ಮೆ ಅವಳ ಮುಖ ನೋಡಿದರೆ ಆಗ ಮೀನು. "ನನ್ ಕಡೆ ನೋಡೋ, ನನ್ ಕಡೆ ನೋಡು," ಎಂದು ಜಪ ಮಾಡಿದ ಹಾಗೆ ಹೇಳುತ್ತಿದ್ದಳು. ಕಣ್ಣು ಮಾತ್ರ ಹೋಗುತ್ತಿರುವ ಪಪ್ಪಾಯಿಯ ಮೇಲಿರುತ್ತಿತ್ತು.

ನನ್ನ ಗಾಯ ಮಾಗಿತು, ಓಟದ ದಿನ ಹತ್ತಿರ ಬಂತು. ಮತ್ತೆ ಬೆಲ್ಟು ಕಟ್ಟಿಕೊಂಡು ಹೊರಟ ಮೊದಲ ಸಂಜೆ ಗಂಟನ್ನು ಎರಡೆರಡು ಸಲ ಎಳೆದು ನೋಡಿಕೊಂಡೆ. ಅದೇ ಮೋರಿ, ಅದೇ ಹಿಂಡು. ಕೆಂಚನ ಕಿವಿ ನೆಟ್ಟಗಾಯಿತು, ಎಲಾಸ್ಟಿಕ್ ಬಿಗಿಯಿತು. "ನನ್ ಕಡೆ ನೋಡೋ," ಅಂದೆ. ಅವನು ಮಂಗಗಳನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ನನ್ನ ಪಕ್ಕದಲ್ಲೇ ಹೆಜ್ಜೆ ಹಾಕುತ್ತ ಮುಂದಕ್ಕೆ ಬಂದ. ಆ ಬೈಕಿನವರು ಮುಂದೊಂದು ದಿನ ಎದುರಾದರು. ಕೆಂಚ ಗುರ್ ಅಂದದ್ದಷ್ಟೇ, ವೇಗ ಹೆಚ್ಚಿಸಿಕೊಂಡು ಹೊರಟುಹೋದರು.

ಶಿವಮೊಗ್ಗದಲ್ಲಿ ಓಟವಿದ್ದ ದಿನ ಚಿಕ್ಕಮ್ಮ ಬರಲಿಲ್ಲ. ತಾನು ಬಂದರೆ ನನ್ನ ಕಾಲು ಕಟ್ಟಿಹಾಕಿದಂತಾಗುತ್ತದೆ ಅಂದಳು. ಓಟ ಮುಗಿದು ಏದುಸಿರಿನಲ್ಲೇ ಫೋನ್ ಮಾಡಿದೆ. ಒಂದು ರಿಂಗ್ ಮುಗಿಯುವ ಮೊದಲೇ ಎತ್ತಿದಳು.

"ಬಿದ್ಯಾ?"

"ಇಲ್ಲ ಚಿಕ್ಕಮ್ಮ."

"ಬೇರೆ ಯಾರಾದ್ರೂ ಬಿದ್ರಾ?"

"ಒಬ್ಳು ಬಿದ್ಲು."

"ಅಯ್ಯೋ, ಯಾರ ಮಗಳೋ ಏನೋ. ಅವಳ ಜೊತೆ ಯಾರಾದ್ರೂ ಇದಾರನೆ? ನೀರು ಕೊಟ್ರಾ?"

ನಾನು ಪಾಸಾದ ಸುದ್ದಿ ಕೇಳುವುದು ಅವಳಿಗೆ ನೆನಪಾದದ್ದು ಆ ಹುಡುಗಿಗೆ ಹೆಚ್ಚು ಪೆಟ್ಟಾಗಿಲ್ಲ ಎಂದು ಖಾತ್ರಿಯಾದ ಮೇಲೆ. ಆಮೇಲೆ ಫೋನಿನಲ್ಲಿ ಬಹಳ ಹೊತ್ತು ಬರೀ ಮೂಗು ಒರೆಸಿಕೊಳ್ಳುವ ಸದ್ದು ಕೇಳಿತು.

ನಾನು ತರಬೇತಿಯಲ್ಲಿದ್ದಾಗಲೇ ಚಿಕ್ಕಮ್ಮ ಹೋದಳು. ಮೆಷಿನ್ನಿನ ಮುಂದೆ ಕೂತಲ್ಲೇ ಎದೆನೋವು ಬಂತಂತೆ. ಪಕ್ಕದ ಮನೆಯವರು ಆಟೋ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಎದೆನೋವು ಶುರುವಾದಾಗಲೂ, "ಅವ್ಳಿಗೆ ಈಗ್ಲೇ ಹೇಳ್ಬೇಡಿ, ಗಾಬ್ರಿಯಾಗಿ ಬಸ್ಸು ಹತ್ತೋವಾಗ ಬಿದ್ದುಗಿದ್ದಾಳು," ಅಂದಳಂತೆ.

ಈಗ ತೀರ್ಥಹಳ್ಳಿ ಕಡೆಯ ಒಂದು ಠಾಣೆಯಲ್ಲಿದ್ದೇನೆ. ಕೆಂಚ ನನ್ನ ಜೊತೆಗಿದ್ದಾನೆ, ಮುದಿಯಾಗಿದ್ದಾನೆ. ಎಂಥ ಗಲಾಟೆಗಾದರೂ ನನ್ನನ್ನೇ ಮುಂದೆ ಕಳಿಸುತ್ತಾರೆ, ನನಗೆ ಹೆದರಿಕೆಯೇ ಇಲ್ಲ ಎನ್ನುತ್ತಾರೆ. ನನ್ನ ಪಾಲಿನದನ್ನೆಲ್ಲ ಒಬ್ಬಳು ಮೊದಲೇ ಹೆದರಿ ಮುಗಿಸಿದ್ದಾಳೆ ಎಂದು ಅವರಿಗೆ ಗೊತ್ತಿಲ್ಲ.