ಚಾದರದೊಳಗಿನ ಗುಳಿಗೆ

ಚಟ್. ಗುಳಿಗೆಯ ಪಟ್ಟಿಯ ಬೆಳ್ಳಿ ಕಾಗದ ಒಡೆಯುವ ಸಣ್ಣ ಸದ್ದು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮಲಗಿದ್ದಾಗ ದಿನಕ್ಕೆರಡು ಸಲ ಚಾದರದೊಳಗೆ ಕೈಯಿಟ್ಟು ನಾನೇ ಅದನ್ನು ಒಡೆಯುತ್ತಿದ್ದೆ.

ಎರಡು ವರ್ಷ ಚೆನ್ನಾಗಿ ನಡೆಸಿದ್ದ ನನ್ನ ಕೃತಕ ಮೊಣಕಾಲು ಬಾತು ಬಿಸಿಯಾಗಿತ್ತು. ಡಾಕ್ಟರು ಸೂಜಿ ಚುಚ್ಚಿ ತೆಗೆದ ನೀರು ಮಬ್ಬಾಗಿತ್ತು. ಇನ್‌ಫೆಕ್ಷನ್ ಎನ್ನುವುದು ಖಾತ್ರಿ. ಆದರೆ ಲ್ಯಾಬಿನಲ್ಲಿ ಎರಡು ಸಲ ಕಲ್ಚರಿಗೆ ಇಟ್ಟರೂ ಕ್ರಿಮಿ ಬೆಳೆಯಲಿಲ್ಲ. ಯಾವ ಕ್ರಿಮಿಯೆಂದು ತಿಳಿಯದೆ ಯಾವ ಔಷಧ ಕೊಡುವುದು? ಗುಣವಾಗದಿದ್ದರೆ ಮುಂದೆಂದೂ ಮಡಚಲಾಗದಂತೆ ಎಲುಬಿಗೆ ಎಲುಬು ಕೂಡಿಸಬೇಕಾದೀತು ಎಂದಿದ್ದರು.

"ಬ್ಯಾರೆ ಏನರೆ ಗುಳಿಗಿ ತಗೊಂಡೀರೇನ್ರಿ?" ಎಂದು ಅವರು ಕೇಳಿದಾಗ, ಸಿಸ್ಟರ್ ಮುಂದೆ ನಿಂತ ಕಾನ್ವೆಂಟಿನ ಹುಡುಗಿಯಂತೆ "ನೋ, ಡಾಕ್ಟರ್" ಎಂದಿದ್ದೆ. ಚಾದರದೊಳಗೆ ಮುಚ್ಚಿಟ್ಟದ್ದು ಹಲ್ಲು ಕೀಳಿಸಿದಾಗ ಕೊಟ್ಟು ಉಳಿದಿದ್ದ ಆ್ಯಂಟಿಬಯಾಟಿಕ್. ಅದು ಮುಗಿದ ಮೇಲೆ, ಆಸ್ಪತ್ರೆ ಸೇರುವ ಮೊದಲೇ, ದೇಶಪಾಂಡೆ ನಗರದ ಮೆಡಿಕಲ್ ಶಾಪಿನಲ್ಲಿ ಖಾಲಿ ಪಟ್ಟಿ ತೋರಿಸಿ ಮತ್ತೆ ತಂದಿದ್ದೆ. ನೋವು ತುಸು ತಗ್ಗುತ್ತಿತ್ತು. ಹೇಳಿದರೆ ಎಲ್ಲಿ ಅದನ್ನು ಬಿಡಿಸಿಬಿಡುತ್ತಾರೋ ಎಂಬ ಭಯ.

ಪಕ್ಕದ ಮಂಚದಲ್ಲಿ ಸುಳ್ಳ ಎಂಬ ಹಳ್ಳಿಯ ಒಬ್ಬ ಹೆಂಗಸು, ಸೊಂಟದ ಆಪರೇಶನ್ ಆದವರು. ನಾನು ಟೀಚರ್ ಆಗಿದ್ದೆನೆಂದು ತಿಳಿದಾಗಿನಿಂದ ನನ್ನನ್ನು ಅಕ್ಕಾರ ಎನ್ನುತ್ತಿದ್ದರು.

"ಏನ್ರೀ ಅಕ್ಕಾರ, ದಿನಾ ಚಾದರದಾಗ ಚಟ್ ಚಟ್ ಅಂತೈತಿ. ನೀವೊಬ್ಬರೇ ಶೇಂಗಾ ಸುಲದು ತಿನ್ನಾಕತ್ತೀರೇನ?"

"ವಿಟಮಿನ್ ರೀ."

"ವಿಟಮಿನ್ ಮುಚ್ಚಿಕೊಂಡ ಯಾಕ ತಿಂತೀರಿ? ಡಾಕ್ಟರ್ ಬಂದಾಗ ನೀವು ಹೇಳ್ತೀರೋ, ನಾ ಹೇಳ್ಲೋ?"

ನಾನೇ ಹೇಳಿದೆ. ಐ ವಾಸ್ ಸೋ ಅಶೇಮ್ಡ್. ಡಾಕ್ಟರು ಬೈಯಲಿಲ್ಲ, ಸ್ಟೂಲ್ ಎಳೆದುಕೊಂಡು ಕೂತರು. "ಅದಕ್ಕ ಸಿಗವಲ್ದು ನೋಡ್ರಿ! ಅರ್ಧ ಸತ್ತ ಕ್ರಿಮಿ ಲ್ಯಾಬ್‌ನ್ಯಾಗ ಹೆಂಗ ಬೆಳೀಬೇಕು?"

ಎರಡು ವಾರ ಆ ಗುಳಿಗೆ ಬಂದ್. ನೋವಿಗೆ ಹಲ್ಲು ಕಚ್ಚಿಕೊಂಡು ಮನೆಯಲ್ಲಿದ್ದು ಮತ್ತೆ ಸೂಜಿಗೆ ಬಂದೆ. ಈ ಸಲ ಕ್ರಿಮಿ ಬೆಳೆಯಿತು. ಯಾವ ಔಷಧಕ್ಕೆ ಸಾಯುತ್ತದೆಂಬುದೂ ಗೊತ್ತಾಯಿತು. ಹಳೆಯ ಕೀಲು ತೆಗೆದು, ಆ ಜಾಗದಲ್ಲಿ ಔಷಧ ಬೆರೆಸಿದ ಸಿಮೆಂಟಿನ ತುಂಡು ಇಟ್ಟರು. ಆರು ವಾರ ಇಂಜೆಕ್ಷನ್. ಕೆಲ ತಿಂಗಳ ಮೇಲೆ ಹೊಸ ಕೀಲು. ಅದು ಮಡಚಿದ ದಿನ, ಓ, ವಾಟ್ ಎ ರಿಲೀಫ್! ಮಂಚದ ಅಂಚಿಗೆ ಕೂತು ಸುಮ್ಮಸುಮ್ಮನೆ ಮಡಚಿದ್ದೇ ಮಡಚಿದ್ದು.

ಸುಳ್ಳದವರನ್ನು ಕೊನೆಯ ಸಲ ಕಂಡದ್ದು ಚೆಕಪ್ಪಿಗೆ ಹೋದಾಗ, ಓಪಿಡಿಯ ಬೆಂಚಿನ ಮೇಲೆ.

"ನಡದ ತೋರಸ್ರಿ ಅಕ್ಕಾರ."

ನಡೆದೆ.

"ಕೆಳಗ ಏನ ನೋಡ್ತೀರಿ? ಕಾಲು ಅಲ್ಲೇ ಐತಿ, ಎಲ್ಲೂ ಓಡಿ ಹೋಗಿಲ್ಲ!"

ನಗುತ್ತಲೇ ತಲೆಯೆತ್ತಿ ಕಾರಿಡಾರಿನ ತುದಿ ಮುಟ್ಟಿದೆ. ತಿರುಗಿದರೆ ಅವರು ಬಸ್ಸಿಗೆ ಹೊತ್ತಾಯಿತೆಂದು ಮಗಳ ಭುಜ ಹಿಡಿದು ಹೊರಟಿದ್ದರು. "ಥ್ಯಾಂಕ್ಯೂ ರೀ!" ಎಂದು ಕೂಗಿದೆ. ತಿರುಗದೆಯೇ ಊರುಗೋಲೆತ್ತಿ ಆಡಿಸಿದರು.