ಊಟಕ್ಕೆ ಹೋದ ಶೆಟ್ಟರು

ಆ ಹುಡುಗಿ ಓದುವುದನ್ನು ಕೇಳಿದವರಿಗೆ ಅವಳಲ್ಲೊಂದು ತೊಂದರೆ ಇದೆ ಎಂದು ಅನ್ನಿಸುತ್ತಲೇ ಇರಲಿಲ್ಲ. ಮೂರನೇ ಕ್ಲಾಸಿನ ಕನ್ನಡ ಪಾಠವನ್ನು ಅರಳು ಹುರಿದಂತೆ ಓದುತ್ತಿದ್ದಳು. ಓದಿ ಮುಗಿಸಿದ ಮೇಲೆ "ಏನಾಯ್ತು ಕತೇಲಿ?" ಎಂದು ಕೇಳಿದರೆ ಮಾತ್ರ ಕೊನೆಯ ಸಾಲನ್ನೇ ಇನ್ನೊಮ್ಮೆ ಹೇಳಿ ನನ್ನ ಮುಖ ನೋಡುತ್ತಿದ್ದಳು. ಒಂದೊಂದೇ ಪದದ ಅರ್ಥ ಕೇಳಿ, ಗೊತ್ತು. ಅವು ಸೇರಿ ಕತೆಯಾದ ಕೂಡಲೇ ಯಾರು ಏನು ಮಾಡಿದರು, ಮೊದಲು ಯಾವುದು, ಆಮೇಲೆ ಯಾವುದು ಎನ್ನುವುದೆಲ್ಲ ಕೈಜಾರಿ ಹೋಗುತ್ತಿತ್ತು. ಮಾತೂ ಹಾಗೆಯೇ, ಎರಡು ಪದ ಆಡಿದರೆ ಹೆಚ್ಚು.

ಇಂಥ ಮಕ್ಕಳಿಗೆ ಹೇಳಿಕೊಡುವುದು ನನ್ನ ಕೆಲಸ. ಒಂಟಿಕೊಪ್ಪಲ್‌ನ ನಮ್ಮ ಮನೆಗೆ ಹತ್ತಿರದ ಶಾಲೆಯೊಂದಕ್ಕೆ ಅದಕ್ಕಾಗಿಯೇ ಹೋಗುತ್ತೇನೆ. ಅಲ್ಲಿ ಪ್ರಶ್ನೆಗೆ ಉತ್ತರ ಎಲ್ಲಿಂದ ಎಲ್ಲಿಯವರೆಗೆ ಎಂದು ಟೀಚರುಗಳು ಪುಸ್ತಕದಲ್ಲಿ ಪೆನ್ಸಿಲ್ ಗುರುತು ಹಾಕಿಕೊಡುತ್ತಾರೆ, ಮಕ್ಕಳು ಉರು ಹೊಡೆದು ಬರೆಯುತ್ತವೆ. ಹೀಗಾಗಿ ಇವಳ ತೊಂದರೆ ಬಹಳ ಕಾಲ ಯಾರ ಕಣ್ಣಿಗೂ ಬೀಳಲಿಲ್ಲ. ಬಿದ್ದಾಗ ಹೆಡ್‌ಮಿಸ್ ಅದಕ್ಕೆ ಕೊಟ್ಟ ಹೆಸರು ಸೋಮಾರಿತನ.

ದಸರಾ ರಜೆಗೆ ಮುಂಚೆ ಅವರು ಹುಡುಗಿಯ ತಾಯಿಯನ್ನು ಕರೆಸಿದರು. ನಾನೂ ಅಲ್ಲೇ ಇದ್ದೆ.

"ಹಾಜರಿ ಮೂರನೇ ಕ್ಲಾಸಲ್ಲೇ ಇರಲಿ ಕಣಮ್ಮ. ರಜ ಮುಗಿದ ಮೇಲೆ ಕೂರೋದು ಮಾತ್ರ ಎರಡನೇ ಕ್ಲಾಸಲ್ಲಿ ಕೂರಲಿ" ಎಂದರು ಹೆಡ್‌ಮಿಸ್.

ಎರಡನೇ ಕ್ಲಾಸಿನಲ್ಲಿ ಅವಳ ಒಡಹುಟ್ಟಿದ ತಂಗಿ ಇದ್ದಳು. ತಾಯಿ ಹಳ್ಳಿಯಿಂದ ಬಂದು, ಗೋಕುಲಂನಲ್ಲಿ ಯೋಗ ಕಲಿಯಲು ಬರುವ ಪರದೇಶದವರ ಮನೆಗಳಲ್ಲಿ ಅಡುಗೆ ಮಾಡುತ್ತಿದ್ದವರು. ಸೆರಗು ಹಿಂಡುತ್ತ, "ತಂಗಿ ಪಕ್ಕ ಕೂರ್ಸುದ್ರೆ ಇವ್ಳು ಇಸ್ಕೂಲ್‌ಗೇ ಬರಕಿಲ್ಲ ಮೇಡಂ" ಎಂದರು. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. "ರಜ ಕಳೀಲಿ ಮೇಡಂ. ಅವಳು ನೋಡೇ ಇಲ್ಲದ ಕತೆ ನೀವೇ ಆರಿಸಿ, ಪ್ರಶ್ನೇನೂ ನೀವೇ ಕೇಳಿ. ಉತ್ತರ ಬರಲಿಲ್ಲ ಅಂದ್ರೆ ಆಗ ಕೂರಿಸಿ" ಎಂದುಬಿಟ್ಟೆ. ಹೊರಗೆ ಬಂದ ಮೇಲೆ ರಜ ಎಷ್ಟು ದಿನ ಎಂದು ಬೆರಳು ಮಡಿಸಿ ಎಣಿಸಿದೆ.

ರಜೆಯಲ್ಲಿ ತಾಯಿ ಕೆಲಸಕ್ಕೆ ಹೋಗುವಾಗ ಮಗಳನ್ನು ನಮ್ಮ ಮನೆಯಲ್ಲಿ ಬಿಟ್ಟು ಹೋಗುತ್ತಿದ್ದರು. ನನ್ನ ಕ್ರಮ ಸರಳವಾದದ್ದು. ಒಂದೆರಡು ವಾಕ್ಯ ಓದಿ ಪುಸ್ತಕ ಮುಚ್ಚಬೇಕು, ಓದಿದ್ದನ್ನು ಕೈಗೆ ಸಿಕ್ಕ ವಸ್ತುಗಳಲ್ಲಿ ಆಡಿಸಿ ತೋರಿಸಬೇಕು, ಆಮೇಲೆ ಬಾಯಲ್ಲಿ ಹೇಳಬೇಕು. ರಬ್ಬರು ರಾಜ, ಬಾಟಲಿ ಮುಚ್ಚಳ ಕೆರೆ. ಎಷ್ಟೋ ಮಕ್ಕಳು ಇದರಲ್ಲೇ ದಡ ಸೇರಿದ್ದಾರೆ. ಇವಳು ಮಾತ್ರ ರಬ್ಬರನ್ನು ರಬ್ಬರೆಂದೇ ನೋಡುತ್ತ ಕೂತಳು. ನನಗೋ ತಾಳ್ಮೆ ಕಡಿಮೆ. ಒಳಗೆ ಹೋಗಿ ನೀರು ಕುಡಿದು ಬರುತ್ತಿದ್ದೆ.

ಅಷ್ಟರಲ್ಲಿ ಅತ್ತೆ ನಡುಮನೆಯಲ್ಲಿ ದಸರಾ ಗೊಂಬೆ ಕೂರಿಸಿದರು. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆ, ಅಂದರೆ ಮರದ ರಾಜ ರಾಣಿ. ಕೆಳಗೆ ದೇವರುಗಳು, ಹಸುಗಳ ಮಧ್ಯೆ ಕೊಳಲು ಹಿಡಿದ ಕೃಷ್ಣ. ಕೊನೆಯಲ್ಲಿ ಶೆಟ್ಟರು, ಶೆಟ್ಟಮ್ಮ ಮತ್ತು ಅವರ ಅಂಗಡಿ, ಮುಂದೆ ನಿಜವಾದ ಅಕ್ಕಿ ಬೇಳೆಯ ಗುಡ್ಡೆ. ಕೂರಿಸಿ ಆರತಿ ಎತ್ತಿದ ಮೇಲೆ ವಿಜಯದಶಮಿಯವರೆಗೆ ಒಂದು ಗೊಂಬೆಯನ್ನೂ ಕದಲಿಸಬಾರದು. ನಮ್ಮ ಮನೆಯಲ್ಲಿ ಧೂಳು ಒರೆಸಲೂ ಯಾರೂ ಮುಟ್ಟಿದವರಿಲ್ಲ.

ಗೊಂಬೆ ನೋಡಿ ನನಗೊಂದು ಚಿಕ್ಕ ಕತೆ ಹೊಳೆಯಿತು, ಬರೆದುಕೊಟ್ಟೆ. ಶೆಟ್ಟರು ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ ಊಟಕ್ಕೆ ಹೋಗುತ್ತಾರೆ. ಶೆಟ್ಟಮ್ಮ ತೂಕಡಿಸುತ್ತಾಳೆ. ಹಸುವೊಂದು ಬಂದು ಅಕ್ಕಿಗೆ ಬಾಯಿ ಹಾಕುತ್ತದೆ. ಓದುತ್ತಿರು ಎಂದು ಹೇಳಿ ಕಾಫಿ ಬೆರೆಸಲು ಹೋದೆ. ಹಾಲು ಉಕ್ಕುವ ಮೊದಲೇ ಅತ್ತೆಯ ದನಿ ಕೇಳಿಸಿತು.

"ಕೂರಿಸಿದ ಗೊಂಬೆ ಮುಟ್ಟಬೇಡ ಅಂದಿರಲಿಲ್ವೇನೇ? ಶೆಟ್ಟರನ್ನ ಎಲ್ಲಿ ಬಚ್ಚಿಟ್ಟೆ?"

ಓಡಿಬಂದೆ. ಅಂಗಡಿಯಲ್ಲಿ ಶೆಟ್ಟರಿಲ್ಲ. ಶೆಟ್ಟಮ್ಮ ಮೆಟ್ಟಿಲಿಗೆ ಒರಗಿದ್ದಾಳೆ. ಕೃಷ್ಣನ ಪಕ್ಕದಲ್ಲಿದ್ದ ಹಸುವಿನ ಮೂತಿ ಅಕ್ಕಿಯ ಗುಡ್ಡೆಯೊಳಗಿದೆ. ಹುಡುಗಿ ಹೆದರಿ ಗೋಡೆಗೆ ಅಂಟಿಕೊಂಡಿದ್ದಳು, ಆದರೂ ಬಾಯಿ ಬಿಟ್ಟಳು.

"ಬಚ್ಚಿಟ್ಟಿಲ್ಲ ಅಜ್ಜಿ. ಶೆಟ್ರು ಊಟಕ್ಕೋಗವ್ರೆ. ಶೆಟ್ಟಮ್ಮ ನಿದ್ದೆ ಮಾಡ್ಬುಟ್ಲು, ಅದ್ಕೇ ಅಸ ಬಂದ್ಬುಡ್ತು."

ಅವಳ ಬಾಯಿಂದ ಅಷ್ಟು ಮಾತು ಒಟ್ಟಿಗೆ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಸಂತೋಷಕ್ಕೆ ನನಗೆ ಕಣ್ಣು ತುಂಬಿತು. ಅತ್ತೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಅಂಗಡಿಯತ್ತ ಬಗ್ಗಿ ನೋಡಿದರು.

"ಊಟಕ್ಕೆ ಹೋದೋರು ವಾಪಸ್ ಬರಲ್ವೇನೇ?"

"ಬತ್ತಾರೆ. ಅಸ ತಿಂದ್ಮೇಲೆ ಬತ್ತಾರೆ. ಬಂದು ಬೈತಾರೆ."

ಬೈಯುವ ಭಾಗ ನಾನು ಬರೆದಿರಲೇ ಇಲ್ಲ. ಅತ್ತೆ ದೇವಿಗೆ ಕೈಮುಗಿದು ಗಲ್ಲ ಗಲ್ಲ ಬಡಿದುಕೊಂಡು, "ಪಟ್ಟದ ಗೊಂಬೆ, ದೇವರು ಮುಟ್ಟಬೇಡ. ಮಿಕ್ಕಿದ್ದು ಏನಾದ್ರೂ ಮಾಡ್ಕೋ" ಎಂದು ಅಪ್ಪಣೆ ಕೊಟ್ಟರು. ಮರುದಿನದಿಂದ ದಿನಕ್ಕೊಂದು ಕತೆ, ದಿನಕ್ಕೊಂದು ಜೋಡಣೆ. ಸಂಜೆ ಗೊಂಬೆ ನೋಡಲು ಬಂದ ಹೆಂಗಸರು "ಶೆಟ್ಟರು ಎಲ್ಲಿ ಕಣ್ರೀ?" ಎಂದು ಕೇಳಿದರೆ ಅತ್ತೆ ಹುಡುಗಿಯನ್ನೇ ಮುಂದೆ ತಳ್ಳುತ್ತಿದ್ದರು. ಅವಳು ಮೊದಲಿಂದ ಕೊನೆಯವರೆಗೆ ಹೇಳುತ್ತಿದ್ದಳು. ತಪ್ಪಿದರೆ ತಾನೇ ನಿಲ್ಲಿಸಿ ಸರಿಮಾಡಿಕೊಳ್ಳುತ್ತಿದ್ದಳು. ಹಬ್ಬ ಮುಗಿದು ಗೊಂಬೆಗಳು ಪೆಟ್ಟಿಗೆ ಸೇರಿದ ಮೇಲೆ, ಅವನ್ನು ಮನಸ್ಸಿನಲ್ಲೇ ನಡೆಸುವುದನ್ನು ಕಲಿಸಿದೆ. ಅದು ಹೆಚ್ಚು ಕಷ್ಟವಾಗಲಿಲ್ಲ.

ಶಾಲೆ ತೆರೆದ ದಿನ ಹೆಡ್‌ಮಿಸ್ ಹಳೆಯ ಪುಸ್ತಕವೊಂದರಿಂದ ಕತೆ ಆರಿಸಿದರು. ಅಜ್ಜಿಯೊಬ್ಬಳು ಸಂತೆಗೆ ಹೋಗಿ ತಾತನ ಛತ್ರಿಯನ್ನು ಬಸ್ಸಿನಲ್ಲೇ ಮರೆಯುತ್ತಾಳೆ. ಮನೆಗೆ ಬಂದು ಬೀಗ ತೆಗೆದು, ಒಬ್ಬಳಿಗಾಗುವಷ್ಟು ಅನ್ನ ಮಾಡಿ, ಅದನ್ನೂ ಉಣ್ಣದೆ ಮಲಗುತ್ತಾಳೆ. ಹುಡುಗಿ ನಿಧಾನವಾಗಿ, ಅಲ್ಲಲ್ಲಿ ನಿಂತು ಓದಿದಳು. ಆ ನಿಧಾನ ಕೇಳಿ ಹೆಡ್‌ಮಿಸ್ ಹುಬ್ಬು ಗಂಟಿಕ್ಕಿದರು, ಮನಸ್ಸಿನಲ್ಲಿ ಗೊಂಬೆ ನಡೆಸುತ್ತಿದ್ದಾಳೆಂದು ನಾನು ಒಳಗೊಳಗೇ ಹಿಗ್ಗಿದೆ.

"ಅಜ್ಜಿ ಯಾಕೆ ಊಟ ಮಾಡಲಿಲ್ಲ?"

"ಬೇಜಾರಾಗಿತ್ತು ಮಿಸ್. ಛತ್ರಿ ಕಳ್ದೋಯ್ತಲ್ಲ, ಅದು ತಾತಂದು. ತಾತ ತೀರ್ಕೊಂಡವ್ರೆ."

"ತೀರ್ಕೊಂಡ್ರು ಅಂತ ಎಲ್ಲಿದೆ? ಬೆರಳಿಟ್ಟು ತೋರಿಸು."

ಹುಡುಗಿ ಪುಟವನ್ನು ಇನ್ನೊಮ್ಮೆ ನೋಡಿ ತಲೆಯೆತ್ತಿದಳು.

"ಎಲ್ಲೂ ಬರ್ದಿಲ್ಲ ಮಿಸ್. ಆದ್ರೆ ಅಜ್ಜೀನೇ ಬೀಗ ತೆಗೆದ್ಲು. ಅನ್ನಾನೂ ಒಬ್ಳಿಗೇ ಮಾಡ್ಕೊಂಡ್ಲು. ತಾತ ಇದ್ದಿದ್ರೆ ಅವ್ರಿಗೂ ಮಾಡೋಳು."

ಹೆಡ್‌ಮಿಸ್ ಪುಸ್ತಕವನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ಮೊದಲ ಸಾಲಿನಿಂದ ಓದತೊಡಗಿದರು. ಅವರು ಓದಿ ಮುಗಿಸುವವರೆಗೆ ನಾವಿಬ್ಬರೂ ನಿಂತೇ ಇದ್ದೆವು. ನನಗೆ ಅಲ್ಲೇ ಕುಣಿಯಬೇಕು ಅನ್ನಿಸುತ್ತಿತ್ತು. ಕೊನೆಗೆ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಬ್ಯಾಗ್ ತಗೊಂಡು ಮೂರನೇ ಕ್ಲಾಸಿಗೆ ಹೋಗಮ್ಮ."

"ಬೆಳಿಗ್ಗೇನೇ ಅಲ್ಲೇ ಮಡಗಿ ಬಂದಿವ್ನಿ ಮಿಸ್" ಎಂದು ಹೇಳಿ ಹುಡುಗಿ ತನ್ನ ಕ್ಲಾಸಿಗೆ ಓಡಿದಳು.