‘ಕಳಿಸು’ ಎಂದರೆ ಸಾಕು, ಪಾಠ ಹೊರಡುತ್ತದೆ

ಬೆಳಕು ಹರಿಯುವ ಹೊತ್ತಿಗೆ ಬ್ರೈಲ್ ಮುದ್ರಣಾಲಯದ ಶಟರ್ ಎತ್ತುವವರು ಮೆಷಿನಕ್ಕ. ಎಲ್ಲರೂ ಕರೆಯುವುದು ಹಾಗೆಯೇ. ಚಪ್ಪಲಿ ಬಿಟ್ಟು, ಕಿಟಕಿ ತೆರೆದು, ಕಂಪ್ಯೂಟರಿನ ಕಪ್ಪು ಪರದೆಯ ಮುಂದೆ ಕೂರುತ್ತಾರೆ. ಮನೆಯಿಂದ ಕೆಲಸ ಮಾಡುವವರಲ್ಲಿ ಯಾರ ಪಾಠ ಬಂದಿದೆ, ಯಾರದ್ದು ಅರ್ಧದಾರಿಯಲ್ಲಿ ಸಿಕ್ಕಿಕೊಂಡಿದೆ ಎಂದು ಮೊದಲು ನೋಡಬೇಕು.

“ಒಲೆ ಮೇಲೆ ಹಾಲಿಟ್ಟ ಹಾಗೆ ಇದು. ಆಚೆ ತಿರುಗಿದ್ರೆ ಉಕ್ಕಿರುತ್ತೆ,” ಎಂದು ನಗುತ್ತಾರೆ.

ಗಂಡನ ಕಾಲು ಮುರಿದು ಸಂಸಾರ ಹೆಗಲಿಗೆ ಬಿದ್ದಾಗ ಇಲ್ಲಿ ಸೇರಿದ್ದು ಫೋನ್ ಎತ್ತುವ ಕೆಲಸಕ್ಕೆ. ಫೋನ್ ಸುಮ್ಮನಿದ್ದಾಗಲೆಲ್ಲ ಪಕ್ಕದವರ ಪರದೆ ಇಣುಕಿ, ಬೈಸಿಕೊಂಡು, ಕೇಳಿ ಕೇಳಿ ಕಂಪ್ಯೂಟರ್ ಕಲಿತರು.

ಇಲ್ಲಿ ಆರು ಮಂದಿ ಒಂದೇ ಪಠ್ಯಪುಸ್ತಕಕ್ಕೆ ಕೈ ಹಾಕುತ್ತಾರೆ. ಒಬ್ಬರ ತಿದ್ದುಪಡಿ ಇನ್ನೊಬ್ಬರದ್ದನ್ನು ನುಂಗಬಾರದು. ಹಳೆಯ ಪ್ರತಿ ಬೇಕೆಂದರೆ ಸಿಗಬೇಕು. ಅದಕ್ಕೆಂದೇ ಗಿಟ್ ಎಂಬ ವ್ಯವಸ್ಥೆಯಿದೆ. ಆದರೆ ಪ್ರತಿ ಸಲವೂ ತಿದ್ದಿದ್ದನ್ನು ಒಟ್ಟುಮಾಡು, ಏನು ತಿದ್ದಿದೆ ಎಂದು ಒಂದು ಸಾಲು ಬರೆ, ಉಳಿದವರದ್ದನ್ನು ತಂದುಕೋ, ಆಮೇಲೆ ಕಳಿಸು ಎಂದು ನಾಲ್ಕು ಆಜ್ಞೆ ಟೈಪ್ ಮಾಡಬೇಕು.

ಇದರಿಂದ ಬೇಸತ್ತವರು ತಿದ್ದುಪಡಿಯ ಮೇಷ್ಟ್ರು. ಹುಟ್ಟಿನಿಂದ ಕಣ್ಣು ಕಾಣದ ಅವರಿಗೆ ಪರದೆಯ ಮೇಲಿರುವುದನ್ನು ಕಂಪ್ಯೂಟರ್ ಓದಿ ಹೇಳುತ್ತದೆ. ಆಜ್ಞೆಯಲ್ಲಿ ಒಂದಕ್ಷರ ತಪ್ಪಿದರೂ ಅದರ ಉದ್ದುದ್ದ ದೂರು ಕೇಳಿಸಿಕೊಳ್ಳಬೇಕು. ಒಂದು ದಿನ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದೇಬಿಟ್ಟರು. “ಪಾಠ ತಿದ್ದೋಕೆ ಬಂದೆ ತಾಯಿ, ಇದರ ಹತ್ರ ಬೈಸಿಕೊಳ್ಳೋಕಲ್ಲ. ಈ ತಿಂಗಳು ಮುಗಿದ್ರೆ ಕೆಲಸ ಬಿಡ್ತೀನಿ.”

ಅವರು ಹೋದರೆ ಚುಕ್ಕಿಯ ಮೇಲೆ ಬೆರಳಾಡಿಸಿ ತಪ್ಪು ಹಿಡಿಯುವವರು ಇನ್ನಾರೂ ಇಲ್ಲ. ಕಣ್ಣು ಕಾಣದ ಮಕ್ಕಳ ಕೈಗೆ ತಪ್ಪು ಪುಸ್ತಕವೇ ಹೋಗುತ್ತದೆ.

ಮೆಷಿನಕ್ಕ ನಾಲ್ಕೂ ಆಜ್ಞೆಗಳನ್ನು ಶೆಲ್ ಸ್ಕ್ರಿಪ್ಟ್ ಎಂಬ ಒಂದು ಪುಟ್ಟ ಕಡತದೊಳಗೆ ಸಾಲಾಗಿ ಕೂರಿಸಿದರು. ‘ಕಳಿಸು’ ಎಂದು ಟೈಪಿಸಿದರೆ ಏನು ತಿದ್ದಿದಿರಿ ಎಂದು ಕೇಳುತ್ತದೆ. ಮಿಕ್ಕಿದ್ದನ್ನು ತಾನೇ ಮುಗಿಸುತ್ತದೆ. ಪಾಠ ಹೋದರೆ ಪರದೆಯಲ್ಲೊಂದು ಹಸಿರು ಪಟ್ಟಿ, ಇಬ್ಬರು ಒಂದೇ ಸಾಲು ತಿದ್ದಿ ಗೊಂದಲವಾದರೆ ಕೆಂಪು ಪಟ್ಟಿ. ಹಿಗ್ಗಿನಿಂದ ಮೇಷ್ಟ್ರನ್ನೇ ಮೊದಲು ಕೂರಿಸಿದರು.

ಮೇಷ್ಟ್ರು ಕಿವಿಗೊಟ್ಟು ಕಾದರು. ಸದ್ದಿಲ್ಲ. “ಹೋಯ್ತೇನಮ್ಮಾ?”

“ಹಸಿರು ಬಂತಲ್ಲ ಮೇಷ್ಟ್ರೇ!”

“ಬಂತಾ? ನನ್ನ ಹತ್ರ ಒಂದು ಮಾತೂ ಆಡ್ದೆ ಹೋಯ್ತಲ್ಲ.”

“ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು,” ಎಂದು ಮೆಷಿನಕ್ಕ ಈಗಲೂ ಹಣೆ ಚಚ್ಚಿಕೊಳ್ಳುತ್ತಾರೆ. ಅಂದೇ ಪಟ್ಟಿಗಳನ್ನು ಕಿತ್ತು ಮಾತು ಹಾಕಿದರು. ಪಾಠ ತಲುಪಿದರೆ ‘ಹೋಯಿತು, ನಿಶ್ಚಿಂತೆಯಾಗಿರಿ’. ಗೊಂದಲವಾದರೆ ‘ನಿಲ್ಲಿಸಿದ್ದೇನೆ, ನಿಮ್ಮದು ಏನೂ ಕಳೆದಿಲ್ಲ, ಅಕ್ಕನನ್ನು ಕರೆಯಿರಿ’. ಕಂಪ್ಯೂಟರಿನ ಗೊಗ್ಗರು ದನಿಯಲ್ಲಿ ಅದನ್ನು ಕೇಳಿದ ಮೇಷ್ಟ್ರು ಗಹಗಹಿಸಿ ನಕ್ಕರು. “ಬೈತಿದ್ದದ್ದು ಈಗ ಸಮಾಧಾನ ಹೇಳ್ತಿದೆಯಲ್ಲಮ್ಮಾ!”

ಆ ತಿಂಗಳು ಕಳೆಯಿತು, ಮತ್ತೊಂದೂ ಕಳೆಯಿತು. ಕೆಲಸ ಬಿಡುವ ಮಾತನ್ನು ಮೇಷ್ಟ್ರು ಎತ್ತಿಲ್ಲ, ಮೆಷಿನಕ್ಕ ಕೆದಕಿಲ್ಲ.

ಸ್ಕ್ರಿಪ್ಟಿನ ಬಗ್ಗೆ ಮೇಷ್ಟ್ರು ಈಗೇನು ಹೇಳುತ್ತಾರೆ ಎಂದು ಕೇಳಿದರೆ ಮೆಷಿನಕ್ಕನ ಮುಖ ಅರಳುತ್ತದೆ.

“ಅದರ ಸುದ್ದಿನೇ ಎತ್ತಲ್ಲ. ನಿನ್ನೆ ವಿಜ್ಞಾನ ಪುಸ್ತಕದ ಕಪ್ಪೆ ಚಿತ್ರಕ್ಕೆ ನಾನು ಬರೆದ ವಿವರಣೆ ಓದಿ, ‘ಇದನ್ನ ಓದಿದ್ರೆ ಮಗು ಕಪ್ಪೆನ ಆಲೂಗಡ್ಡೆ ಅನ್ಕೊಳ್ಳುತ್ತೆ, ಮತ್ತೆ ಬರಿ’ ಅಂತ ಅರ್ಧ ಗಂಟೆ ಜಗಳಕ್ಕೆ ನಿಂತ್ರು. ಅವರು ಇರೋದೇ ಅದಕ್ಕಲ್ವಾ?”